ನಳಿಗೆಯ ಒಳಗಿನ ಕಲಾಯಿ

ಶಹಾಬಾದ
4 ಜುಲೈ 1982

ಶಹರಬಾನು ಆಪಾ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷಮೆ ಕೇಳಲು ಬರೆದದ್ದಲ್ಲ. ಇದನ್ನು ಮೊದಲೇ ಹೇಳದೆ ಕೊನೆಯಲ್ಲಿ ಹೇಳಿದರೆ ಮೋಸವಾಗುತ್ತದೆ. ಅಬ್ಬಾ ಅವರಿಂದ ನನಗೆ ಒಂದು ಕೆಲಸ ಆಗಬೇಕು. ಅವರಿಗೆ ಇದನ್ನು ಓದಿ ಹೇಳು.

ಒಂಬತ್ತನೇ ತರಗತಿ ಬಿಟ್ಟು ಬಂದವನು ವಾಡಿ ಸ್ಟೇಶನ್ನಿನಲ್ಲಿ ಚಹಾ ಮಾರಿದೆ. ಆಮೇಲೆ ಇಲ್ಲಿನ ಗಣಿಯಲ್ಲಿ ಲಾರಿಗೆ ಫರಸಿ ಕಲ್ಲು ಏರಿಸಿದೆ. ಯಾವುದರಲ್ಲೂ ಕಾಲು ನಿಲ್ಲಲಿಲ್ಲ. ಈಗ ಒಂದು ವರ್ಷದಿಂದ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದೇನೆ. ಹಂಗಾಮಿ ಕೆಲಸ. ಗಾಜು ತೊಳೆಯುತ್ತೇನೆ, ಒಲೆ ಕಾಯುತ್ತೇನೆ.

ಇಲ್ಲಿ ಅನಸುಬಾಯಿ ಮೇಡಂ ಎಂದು ಒಬ್ಬರಿದ್ದಾರೆ. ನಮ್ಮ ಕಡೆಯವರೇ, ಕೊಡ್ಲಿಯವರು. ಪಾಠ ಮಾಡುತ್ತಲೇ ಪಿಎಚ್‌.ಡಿ. ಮಾಡುತ್ತಿದ್ದಾರೆ. ಅವರ ಗೈಡ್ ಹೈದರಾಬಾದಿನಲ್ಲಿದ್ದಾರೆ. ಎಲೆ ಬಿಸಿಲನ್ನು ಹಿಡಿದು ಮಾಡುವ ಕೆಲಸದ ಮೊದಲ ಹೆಜ್ಜೆಯೊಂದನ್ನು, ಎಲೆಯೇ ಇಲ್ಲದೆ, ತಾವೇ ಕಟ್ಟಿದ ಅಣುವಿನಿಂದ ಮಾಡಿಸುವುದು ಅವರ ಹಟ. ಅದಕ್ಕೆ ಒಂದು ಆಮ್ಲ ಬೇಕು. ತುಟ್ಟಿ ಆಮ್ಲವಾದ್ದರಿಂದ ಬಳಸಿದ್ದನ್ನೇ ಕಾಸಿ, ಆವಿಯನ್ನು ನಳಿಗೆಯಲ್ಲಿ ತಣಿಸಿ, ಮತ್ತೆ ಹಿಡಿಯುತ್ತೇವೆ. ಗಾಜಿನ ನಳಿಗೆ ಹೋದ ವಾರ ಒಡೆಯಿತು. ಒಡೆದವನು ನಾನೇ. ಮುಂಬಯಿಯಿಂದ ಹೊಸದು ಬರಲು ಐದು ತಿಂಗಳು ಬೇಕಂತೆ.

ನಾನು ಮೇಡಂಗೆ, “ತಾಮ್ರದ್ದು ಮಾಡಿಸ್ತೀನ್ರಿ, ಒಳಗ ಕಲಾಯಿ ಹಾಕಿಸಿ” ಎಂದೆ. “ಆಮ್ಲ ತಾಮ್ರಕ್ಕ ತಾಗಬಾರದು ನೋಡಪಾ” ಎಂದರು. “ನಮ್ಮ ಅಬ್ಬಾ ಕಲಾಯಿ ಹಾಕಿದ್ರ ತಾಗಂಗಿಲ್ರಿ” ಎಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ನಳಿಗೆಗೆ ನಾಲ್ಕು ಮಡಿಕೆ, ಅಂದರೆ ನಾಲ್ಕು ಕಡೆ ಬಾಗು; ಒಳಗಡೆ ಪೂರ್ತಿ ತವರ. ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎಂದೇ ಬರೆ.

ಇಸಾಕ

—

ಚಿಂಚೋಳಿ
21 ಜುಲೈ 1982

ಇಸಾಕ,

ಅಬ್ಬಾ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಮನೆಯ ಮಾತು ಬೇರೆಯಾದರೂ ನಾವಿಬ್ಬರೂ ಕಲಿತ ಅಕ್ಷರ ಕನ್ನಡದ್ದೊಂದೇ. ಅದಕ್ಕೇ ಅಬ್ಬಾ ಊರ ಗಿರಾಕಿಗಳ ಜೊತೆ ಆಡುವ ಕನ್ನಡದಲ್ಲೇ ಹೇಳುತ್ತಿದ್ದಾರೆ.

“ಸಾರಾಯಿ ಭಟ್ಟಿಗಿ ನಳಿಗಿ ಬೇಕಾಗೇದೇನು ನಿನ್ನ ತಮ್ಮಗ, ಕೇಳು. ಕಾಲೇಜಿನ ಹೆಸರು ಹೇಳಾಕತ್ತಾನ.” ಇದು ಮೊದಲ ಮಾತು. ಎರಡನೆಯದು: “ನಳಿಗಿ ಆಗ್ಯಾದ. ಕಲಾಯಿ ಪೂರಾ ಆಗ್ಯಾದ. ಎರಡೂ ಬಾಯಿ ಬಿಸಲಿಗಿ ಹಿಡದು ನೋಡು ಅನ್ನು, ಮುಖ ಕಾಣತದ.” ಮೂರನೆಯದು ಇಲ್ಲ.

ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇವೆ. ಗೋಣಿತಟ್ಟು ಸುತ್ತಿದೆ.

ಮಜೀದಸಾಬ, ಕಲಾಯಿಗಾರ

ಇನ್ನು ಇದು ನನ್ನ ಮಾತು. ಮೂರು ದಿನ ಅಬ್ಬಾ ಬೇರೆ ಯಾರ ಪಾತ್ರೆಯನ್ನೂ ಮುಟ್ಟಲಿಲ್ಲ. ತಿದಿ ಊದಲು ನನ್ನನ್ನೂ ಕರೆಯಲಿಲ್ಲ, ಪರದೆ ಎಳೆದುಕೊಂಡು ಕುಳಿತಿದ್ದರು. ನಿನ್ನ ಚಿತ್ರದ ಕಾಗದವನ್ನು ಮಡಿಸಿ ಟೋಪಿಯೊಳಗೆ ಇಟ್ಟುಕೊಂಡಿದ್ದಾರೆ. ನಾನು ನೋಡಿದೆನೆಂದು ಅವರಿಗೆ ಗೊತ್ತಿಲ್ಲ.

ಶಹರಬಾನು

—

ಶಹಾಬಾದ
10 ಅಕ್ಟೋಬರ್ 1982

ಅಬ್ಬಾಗೂ ಆಪಾಗೂ ಸಲಾಂ.

ನಳಿಗೆ ಎರಡು ತಿಂಗಳಿಂದ ನಡೆಯುತ್ತಿದೆ. ಅದು ಬಂದ ದಿನ ಎರಡೂ ಬಾಯಿಯನ್ನು ಬಿಸಿಲಿಗೆ ಹಿಡಿದೆ. ಹೌದು, ಮುಖ ಕಾಣಿಸಿತು.

ನಿನ್ನೆ ನಡೆದದ್ದನ್ನು ಹೇಳಬೇಕು. ಮೇಡಂ ನನಗೆ ತಿಳಿಸಿದ ಹಾಗೆಯೇ ಹೇಳುತ್ತೇನೆ. ಗಣಿಯಲ್ಲಿ ನಾವು ಸಾಲಾಗಿ ನಿಂತು ಫರಸಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಮುಂದಿನವನು ಇಲ್ಲದಿದ್ದರೆ ಕಲ್ಲು ಕೈ ಜಾರಿ ಧಡ್ ಎಂದು ಬೀಳುತ್ತದೆ. ಎಲೆಯಲ್ಲಿಯೂ ಹಾಗೆಯೇ ಅಂತೆ. ಬೆಳಕು ಬಿದ್ದಾಗ ಅಣುವಿನೊಳಗಿನ ಎಲೆಕ್ಟ್ರಾನ್ ಮೇಲೇಳುತ್ತದೆ. ಹಿಡಿಯುವವನು ಪಕ್ಕದಲ್ಲಿದ್ದರೆ ಅವನ ಕೈಗೆ ಹೋಗುತ್ತದೆ. ಇಲ್ಲದಿದ್ದರೆ ಮರಳಿ ಬೀಳುತ್ತದೆ. ಬೀಳುವಾಗ ಸಪ್ಪಳದ ಬದಲು ಕೆಂಪು ಹೊಳಪು ಬರುತ್ತದೆ.

ಮೇಡಂ ಮೊದಲು ಕಟ್ಟಿದ್ದು ಒಂಟಿ ಅಣು, ಉಂಗುರದಂಥದ್ದು. ಪಾರ್ಫಿರಿನ್ ಎನ್ನುತ್ತಾರೆ, ನೇರಳೆ ಹರಳು. ಕೋಣೆಗೆ ಕಪ್ಪು ಪರದೆ ಹಾಕಿ ವಿಶೇಷ ದೀಪದ ಕೆಳಗೆ ಹಿಡಿದರೆ ಅದರ ದ್ರಾವಣ ಕೆಂಡದ ಹಾಗೆ ಹೊಳೆಯುತ್ತದೆ. ನಳಿಗೆ ಬಂದ ಮೇಲೆ ಅಂಥದೇ ಇನ್ನೊಂದು ಉಂಗುರ ಬೇಯಿಸಿ, ಅದಕ್ಕೆ ಚಿಕ್ಕದೊಂದು ಕೊಂಡಿ ಹಾಕಿ, ಹಿಡಿಯುವವನಾಗಿ ಕ್ವಿನೋನ್ ಎಂಬ ಇನ್ನೊಂದನ್ನು ಕಟ್ಟಿದರು. ಮೊದಲಿನ ತಯಾರಿಯೆಲ್ಲ ಸೇರಿ ಇದು ಏಳು ತಿಂಗಳ ಕೆಲಸ. ನಿನ್ನೆ ಅದನ್ನು ದೀಪಕ್ಕೆ ಹಿಡಿದರೆ ಎಳ್ಳಷ್ಟೂ ಹೊಳಪಿಲ್ಲ. ಪೂರಾ ಕತ್ತಲು.

“ಸಪ್ಪಳ ಇಲ್ಲ ನೋಡೋ ಇಸಾಕ! ಹಿಡದಾನ! ನಮ್ಮವ ಹಿಡದಾನ!” ಎಂದು ಮೇಡಂ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಅವರ ಕಣ್ಣು ತುಂಬಿತ್ತು. ಇಷ್ಟು ಕತ್ತಲಾಗುತ್ತದೆಂದು ಅವರೂ ಎಣಿಸಿರಲಿಲ್ಲ. ಗೈಡಿಗೆ ಆಗಲೇ ಬರೆದಿದ್ದಾರೆ. ಡಿಸೆಂಬರ್ 18ಕ್ಕೆ ಹೈದರಾಬಾದಿನಲ್ಲಿ ವಿಜ್ಞಾನಿಗಳ ಸಭೆಯಿದೆ, ಅಲ್ಲಿ ಮಾತಾಡಬೇಕು. ಅಳೆದು ನೋಡುವ ಯಂತ್ರ ಅಲ್ಲಿ ಕೆಟ್ಟು ಕುಳಿತಿದೆಯಂತೆ, ಆದ್ದರಿಂದ ದೀಪದ ಕೆಳಗಿನ ಫೋಟೋಗಳೇ ಸಾಕ್ಷಿ. ಅವರ ಪದವಿಯ ಅವಧಿ ಮಾರ್ಚಿಗೆ ಮುಗಿಯುತ್ತದೆ.

“ನಿಮ್ಮಪ್ಪನ ನಳಿಗಿ ಇಲ್ದಿದ್ರ ಈ ವರ್ಷ ಆಗತಿದ್ದಿಲ್ಲ. ಅವರಿಗಿ ಹೇಳು” ಎಂದಿದ್ದಾರೆ. ಹೇಳಿದ್ದೇನೆ.

ಇಸಾಕ

—

ಶಹಾಬಾದ
28 ನವೆಂಬರ್ 1982

ಅಬ್ಬಾ,

ಈ ಪತ್ರ ಆಪಾಗಲ್ಲ, ನಿಮಗೆ.

ದೀಪಾವಳಿ ರಜೆಗೆ ಮುಂಚೆ ಇಳಿಸಿದ ಆಮ್ಲದಲ್ಲಿ ಒಂದು ಶೀಸೆ ಕಿಟಕಿಯ ಮೇಲೆ ಉಳಿದಿತ್ತು. ಯಾವಾಗಲೂ ಇಳಿಸಿದ ಕೂಡಲೇ ಬಳಸಿಬಿಡುತ್ತೇವೆ, ಹೀಗೆ ನಿಂತದ್ದು ಇದೇ ಮೊದಲು. ಮೊನ್ನೆ ಬಾಗಿಲು ತೆರೆದು ನೋಡಿದರೆ ನೀರಿನಂತಿರಬೇಕಾದದ್ದು ತೆಳ್ಳಗೆ ಹಸಿರು ನೀಲಿಯಾಗಿದೆ. ಆ ಬಣ್ಣ ನನಗೆ ಗೊತ್ತು. ಅಮ್ಮೀ ಇದ್ದಾಗ ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ನೀವು ಎಗರಾಡುತ್ತಿದ್ದಿರಿ. ಅದರ ಅಂಚಿಗೆ ಬರುತ್ತಿದ್ದ ಕಿಲುಬು ಇದೇ ಬಣ್ಣ.

ಮೇಡಂ ಹೈದರಾಬಾದಿನಲ್ಲಿದ್ದಾರೆ. ಸಭೆಯ ತಯಾರಿ. ಇಲ್ಲಿ ನಾನೊಬ್ಬನೇ. ಅವರು ಕಲಿಸಿದ ಒಂದು ಪರೀಕ್ಷೆ ಇದೆ. ಉಂಗುರದ ನಡುವೆ ಜಾಗ ಖಾಲಿ ಇದ್ದರೆ ಒಂದು ಹನಿ ತೀಕ್ಷ್ಣ ಆಮ್ಲ ಬಿಟ್ಟಾಗ ಅದು ಹಸಿರಾಗುತ್ತದೆ. ಆ ಜಾಗದಲ್ಲಿ ತಾಮ್ರ ಕುಳಿತಿದ್ದರೆ ಆಗುವುದಿಲ್ಲ. ಗಾಜಿನ ನಳಿಗೆ ಇದ್ದಾಗ ಮಾಡಿದ ಹಳೆಯ ಅಣುವಿಗೆ ಹನಿ ಬಿಟ್ಟೆ, ಹಸಿರಾಯಿತು. ಹೊಸ ಅಣುವಿನ ಉಂಗುರವನ್ನು ಬೇಯಿಸಿದ್ದು ನಿಮ್ಮ ನಳಿಗೆಯಿಂದ ಇಳಿದ ಆಮ್ಲದಲ್ಲಿ. ಅದಕ್ಕೆ ಹನಿ ಬಿಟ್ಟೆ, ಕೆಂಪಗೇ ಉಳಿಯಿತು. ಮೂರು ಸಲ ಮಾಡಿದೆ. ಮೂರು ಸಲವೂ ಕೆಂಪು.

ಮೇಡಂ ಅವರ ಪುಸ್ತಕದಲ್ಲಿ ಬರೆದಿದೆ: ತಾಮ್ರ ಹೊಕ್ಕ ಉಂಗುರ ಹೊಳೆಯುವುದೇ ಇಲ್ಲ, ಪಕ್ಕದಲ್ಲಿ ಹಿಡಿಯುವವನಿರಲಿ, ಬಿಡಲಿ. ಅಂದರೆ ಸಪ್ಪಳ ಬರಲಿಲ್ಲ ಎಂದರೆ ಕಲ್ಲನ್ನು ಯಾರೋ ಹಿಡಿದರು ಎಂದಲ್ಲ. ಕೆಸರಿಗೆ ಬಿದ್ದರೂ ಸಪ್ಪಳ ಬರುವುದಿಲ್ಲ.

ನಾನು ನೋಡಿದ್ದು ನಳಿಗೆಯ ಎರಡು ಬಾಯಿ ಮಾತ್ರ. ಮಡಿಕೆಗಳ ಒಳಗೆ ಯಾರ ಕಣ್ಣೂ ಹೋಗುವುದಿಲ್ಲ. ಒಳಗೆ ಕಲಾಯಿ ಪೂರ್ತಿ ಹೋಗಿತ್ತೇ? ಇಷ್ಟೇ ನನ್ನ ಪ್ರಶ್ನೆ.

ಇಸಾಕ

—

ಚಿಂಚೋಳಿ
3 ಡಿಸೆಂಬರ್ 1982

ಇಸಾಕ,

ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ, ನನ್ನ ಮೇಲೆ ಸಿಟ್ಟಾಗಬೇಡ.

“ನಲವತ್ತು ವರ್ಷ ಆತು ಬೆಂಕಿ ಮುಂದ ಕುಂತು. ಕೊಡ್ಲಿಯಿಂದ ಸೇಡಮ್ಮಿನ ತನಕ ಯಾವ ಮನಿ ಹಂಡೆ ಕೇಳಿದ್ರೂ ನನ್ನ ಹೆಸರು ಹೇಳತದ. ಗಾಜು ತೊಳಿಯಾಂವ ನನಗ ಕಲಾಯಿ ಕೇಳಾಕತ್ತಾನ. ಅವತ್ತೂ ಹಂಗೇ ಮಾಡ್ದಿ. ಮಳಖೇಡದಾಗ ಚಂದ್ರಾಮಪ್ಪನವರ ಮನಿ ಅಂಗಳದಾಗ, ಮದವಿ ಮಂದಿ ಎಲ್ಲಾ ನಿಂತಿರಬೇಕಾದ್ರ, ‘ಅಬ್ಬಾ ತವರದಾಗ ಸೀಸ ಬೆರಸ್ಯಾರ’ ಅಂದಿ. ಮೂರು ವರ್ಷ ಆ ಊರಿನ ದಾರಿ ತುಳದಿಲ್ಲ ನಾ. ಈಗ ಕಾಲೇಜಿನ ಅಂಗಳ ಸಿಕ್ಕಾದೇನು? ಹೇಳು ಹೋಗು. ಹೇಳದಿದ್ರ ನಿನಗೆಲ್ಲಿ ರೊಟ್ಟಿ ಇಳಿತದ?”

ಇಷ್ಟು ಹೇಳಿ ಎದ್ದು ಹೋದರು. ನಿನ್ನ ಪ್ರಶ್ನೆಗೆ ಉತ್ತರ ಇದರಲ್ಲಿ ಇದೆಯೇ ಎಂದು ಎರಡು ಸಲ ಓದಿ ನೋಡಿದೆ. ನನಗೆ ಕಾಣಲಿಲ್ಲ.

ಶಹರಬಾನು

—

ಶಹಾಬಾದ
6 ಡಿಸೆಂಬರ್ 1982

ಅಬ್ಬಾ,

ನಳಿಗೆ ನನ್ನ ಮುಂದೆಯೇ ಮೇಜಿನ ಮೇಲಿದೆ. ಗರಗಸವೂ ಇದೆ. ಒಂದು ಮಡಿಕೆಯನ್ನು ಅಡ್ಡ ಕೊಯ್ದು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ನಿಮ್ಮನ್ನು ಕೇಳುವ ಅಗತ್ಯವೇ ಇಲ್ಲ. ಆದರೂ ಕೇಳುತ್ತಿದ್ದೇನೆ. ಕೊಯ್ದ ಮೇಲೆ ನೀವು ಏನು ಹೇಳಿದರೂ ಅದು ಸಿಕ್ಕಿಬಿದ್ದವನ ಮಾತಾಗುತ್ತದೆ. ಈಗ ಹೇಳಿದರೆ ನಿಮ್ಮ ಮಾತಾಗುತ್ತದೆ.

ಮಳಖೇಡದಲ್ಲಿ ನಾನು ಹೇಳಿದ್ದು ಸುಳ್ಳಲ್ಲ. ಈಗಲೂ ಹಾಗೆ ಹೇಳಿದ್ದಕ್ಕೆ ತಪ್ಪಾಯಿತು ಎನ್ನುವುದಿಲ್ಲ. ಸೀಸ ವಿಷ, ಆ ಹಂಡೆಯಲ್ಲಿ ಮದುವೆಯ ಅಡಿಗೆ ಆಗುವುದಿತ್ತು. ಆದರೆ ನಿಮ್ಮನ್ನು ಪಕ್ಕಕ್ಕೆ ಕರೆದು ಮೊದಲು ಕೇಳಲಿಲ್ಲ. ಅದು ನನ್ನ ತಪ್ಪು. ಅಷ್ಟು ಮಾತ್ರ ನನ್ನ ತಪ್ಪು.

ಮೇಡಂ 18ರಂದು ಎದ್ದು ನಿಂತು ಮಾತಾಡುತ್ತಾರೆ. ಕೊಡ್ಲಿಯಿಂದ ಅಷ್ಟು ದೂರ ಹೋದ ಹೆಣ್ಣುಮಗಳು ಅವರೊಬ್ಬರೇ. ಸುಳ್ಳನ್ನು ಹೇಳುತ್ತಿದ್ದೇನೆಂದು ಗೊತ್ತಿಲ್ಲದೆ ಅಷ್ಟು ಜನರ ಮುಂದೆ ಹೇಳುತ್ತಾರೆ. ನಾಲ್ಕು ದಿನದ ಮೇಲೆ ಯಂತ್ರ ರಿಪೇರಿಯಾದರೆ ಅಲ್ಲಿಯವರೇ ಅಳೆದು ನಗುತ್ತಾರೆ.

13ನೇ ತಾರೀಖು ಸೋಮವಾರ ಮಧ್ಯಾಹ್ನದ ಟಪಾಲು ಬಂದ ಮೇಲೆ ಕೊಯ್ಯುತ್ತೇನೆ. ಅದೇ ದಿನ ಮೇಡಂಗೆ ಬರೆಯುತ್ತೇನೆ. ಅಲ್ಲಿಯ ತನಕ ಕಾಯುತ್ತೇನೆ.

ಇಸಾಕ

—

ಚಿಂಚೋಳಿ
9 ಡಿಸೆಂಬರ್ 1982

ಇಸಾಕ,

ನಿನ್ನ ಪತ್ರ ಓದಿ ಹೇಳಿದೆ. ಇವತ್ತು ಬೆಳಿಗ್ಗೆ ಅಬ್ಬಾ ಒಲೆ ಹೊತ್ತಿಸಲಿಲ್ಲ. “ಬರಿ. ಒಂದಕ್ಷರ ಹೆಚ್ಚು ಕಡಿಮಿ ಮಾಡಬ್ಯಾಡ. ಇದು ಅವನ ಮೇಡಂ ಬಾಯಾರಿಗಿ, ಅವರಿಗೇ ಕೊಡು ಅನ್ನು” ಎಂದರು. ಕೆಳಗೆ ಇರುವುದು ಅವರ ಮಾತು.

“ಬಾಯಾರ, ನಾ ಚಿಂಚೋಳಿ ಮಜೀದಸಾಬ. ಪಾತ್ರಿಗಿ ಕಲಾಯಿ ಅಂದ್ರ ಕಾಸಬೇಕು, ನವಸಾಗರದ ಪುಡಿ ಒಗಿಬೇಕು, ತವರ ಬಿಡಬೇಕು, ಹತ್ತಿ ಅರಳಿ ಹಿಡದು ತಿಕ್ಕಬೇಕು. ಕೈ ಹೋದಲ್ಲಿ ಕಲಾಯಿ ಹೋಗತದ. ಕೈ ಹೋಗದಲ್ಲಿ ಹೋಗಂಗಿಲ್ಲ. ನಳಿಗಿ ಮಡಿಕ್ಯಾಗ ಕೈ ಹ್ಯಾಂಗ ಹೋಗಬೇಕು? ತಂತಿಗಿ ಅರಳಿ ಸುತ್ತಿ ನೋಡ್ದೆ, ಎರಡನೇ ಮಡಿಕ್ಯಾಗ ಸಿಕ್ಕಿಬಿತ್ತು. ತವರ ಕರಗಿಸಿ ಸುರುವಿ ನೋಡ್ದೆ, ಹಾಕಿದ್ದೆಲ್ಲಾ ಆ ಕಡಿ ಸೋರಿ ಬಂತು. ಒಳಗ ಹತ್ತಲಿಲ್ಲ ಅಂತ ಅವತ್ತೇ ನನಗ ಗೊತ್ತಿತ್ತು. ಎರಡು ಬಾಯಿಗಿ ಚಂದ ತಿಕ್ಕಿ ಕಳಿಸಿದೆ. ಮೂರು ವರ್ಷ ಆದಮ್ಯಾಲ ಮಗ ಒಂದು ಕೆಲಸ ಕೇಳಿದ್ದ. ಆಗಂಗಿಲ್ಲ ಅನ್ನಲಿಕ್ಕ ಬಾಯಿ ಬರಲಿಲ್ಲ. ತಪ್ಪು ನಂದು. ಅವಂದಲ್ಲ.”

ಹೆಬ್ಬೆಟ್ಟು ಒತ್ತಿದ್ದಾರೆ. ಮಸಿ ಸಿಗದೆ ಒಲೆಯ ಕಾಡಿಗೆ ಹಚ್ಚಿಕೊಂಡರು.

ಆಮೇಲೆ ನಿನಗೆಂದು ಇನ್ನೊಂದು ಮಾತು: “ಮಳಖೇಡದಾಗ ಸೀಸ ಬೆರಸಿದ್ದು ಖರೆ. ಅವತ್ತು ಪಕ್ಕಕ್ಕ ಕರದು ಕೇಳಿದ್ರ ಹೌದು ಅಂತಿದ್ದೆನೋ, ಕಪಾಳಕ್ಕ ಹೊಡಿತಿದ್ದೆನೋ, ಖುದಾಗ ಗೊತ್ತು. ಈ ಸಲ ಕೇಳ್ದಿ. ಅದಕ್ಕ ಹೇಳ್ದೆ.”

ಅಂಚೆ ತಡವಾದೀತೆಂದು ಅಬ್ಬಾ ತಾವೇ ಬಸ್‌ಸ್ಟ್ಯಾಂಡಿಗೆ ಹೋಗಿ, ನಳಿಗೆ ಒಯ್ದ ಅದೇ ಕಂಡಕ್ಟರನ ಕೈಯಲ್ಲಿ ಇದನ್ನು ಕೊಟ್ಟು ಬರುತ್ತಾರಂತೆ.

ಶಹರಬಾನು

—

ಶಹಾಬಾದ
11 ಡಿಸೆಂಬರ್ 1982

ಅನಸುಬಾಯಿ ಮೇಡಂ ಅವರಿಗೆ ಇಸಾಕನ ನಮಸ್ಕಾರ.

ಹೊಸ ಅಣುವಿನಲ್ಲಿ ತಾಮ್ರ ಹೊಕ್ಕಿದೆ. ಕತ್ತಲಾದದ್ದು ಅದಕ್ಕೆ. ಕ್ವಿನೋನ್ ಹಿಡಿಯಿತೋ ಇಲ್ಲವೋ ನಮಗೆ ಗೊತ್ತಿಲ್ಲ. ಮೊದಲೇ ಇದನ್ನು ಬರೆದುಬಿಟ್ಟೆ, ಸುತ್ತಿ ಬಳಸಿ ಹೇಳಿದರೂ ನಿಮಗೆ ಆಗುವ ನೋವು ಅಷ್ಟೇ.

ಮೂರು ಸಣ್ಣ ಶೀಸೆ ಜೊತೆಗಿವೆ: ಹಳೆಯದು, ಹೊಸದು, ನಳಿಗೆಯಿಂದ ಇಳಿದ ಆಮ್ಲ. ಹನಿ ಬಿಟ್ಟು ನೀವೇ ನೋಡಿ. ನನ್ನ ಮಾತು ನಂಬಬೇಡಿ. ಅಬ್ಬಾ ಹೇಳಿ ಬರೆಸಿದ ಹಾಳೆಯನ್ನೂ ಇಟ್ಟಿದ್ದೇನೆ. ಅವರು ತಪ್ಪು ತಮ್ಮದು ಎಂದಿದ್ದಾರೆ. ಪೂರ್ತಿ ಅವರದಲ್ಲ. ಒಳಗೆ ನೋಡದೆ “ತಾಗಂಗಿಲ್ಲ” ಎಂದು ನಿಮಗೆ ಹೇಳಿದವನು ನಾನು. ಗಾಜು ಒಡೆದವನೂ ನಾನು. ಆಮ್ಲದಲ್ಲಿ ಬಣ್ಣ ಕಂಡದ್ದು ನವೆಂಬರ್ 26ಕ್ಕೆ. ಎರಡು ವಾರ ನಿಮಗೆ ತಿಳಿಸದೆ ಅಬ್ಬಾ ಅವರ ಉತ್ತರಕ್ಕೆ ಕಾದೆ. ಅದೂ ತಪ್ಪೇ. ಆದರೆ ಅದನ್ನು ಮತ್ತೆ ಮಾಡಬೇಕಾಗಿ ಬಂದರೆ ಮತ್ತೆ ಕಾಯುತ್ತೇನೆ.

ವಾಡಿಗೆ ಹೋಗಿ ಹೈದರಾಬಾದ್ ಗಾಡಿಯಲ್ಲಿ ನಾನೇ ತರುತ್ತಿದ್ದೇನೆ. ನಿಮ್ಮ ಹಾಸ್ಟೆಲ್ ಬಾಗಿಲಲ್ಲಿ ಕೊಟ್ಟು ಹೊರಟುಬಿಡುತ್ತೇನೆ. ಎದುರಿಗೆ ನಿಲ್ಲುವ ಧೈರ್ಯ ಇಲ್ಲ.

ನಿಮ್ಮ ಅಟೆಂಡರ್
ಇಸಾಕ

—

ಹೈದರಾಬಾದ್
20 ಡಿಸೆಂಬರ್ 1982

ಇಸಾಕ,

ಹನಿ ಬಿಟ್ಟು ನೋಡಿದೆ. ನೀನು ಹೇಳಿದ ಹಾಗೆಯೇ ಆಯಿತು.

ಎರಡು ದಿನ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ನೀನು ಬಾಗಿಲಲ್ಲಿ ನಿಲ್ಲದೆ ಹೋದದ್ದೇ ಒಳ್ಳೆಯದಾಯಿತು. ಸುಮ್ಮನಿರು, ಸಭೆ ಮುಗಿಯಲಿ, ಆಮೇಲೆ ಸರಿಮಾಡಿದರಾಯಿತು ಎಂದು ಗೈಡ್ ಹೇಳಿದರು. ಅವರ ಹೆಸರೂ ಹೋಗುತ್ತದಲ್ಲ. ನನಗೂ ಒಂದು ಕ್ಷಣ ಹಾಗೆಯೇ ಅನಿಸಿತು. ಆಮೇಲೆ ನಿಮ್ಮ ತಂದೆಯ ಹಾಳೆಯನ್ನು ಮತ್ತೆ ಓದಿದೆ. ಕೈ ಹೋಗದಲ್ಲಿ ಹೋಗಂಗಿಲ್ಲ ಎಂಬಲ್ಲಿ ನಿಂತುಬಿಟ್ಟೆ.

18ರಂದು ಎದ್ದು ನಿಂತು, ಫೋಟೋ ತೋರಿಸಿ, ಇದು ತಾಮ್ರದಿಂದ ಆದ ಕತ್ತಲು, ಇದರಿಂದ ನಾನು ಏನನ್ನೂ ಸಾಧಿಸಿ ತೋರಿಸಿಲ್ಲ ಎಂದೆ. ಮೂರು ನಿಮಿಷವೂ ಆಗಲಿಲ್ಲ. ಕಂಡುಹಿಡಿದವರು ಯಾರು ಎಂದು ಹಿರಿಯರೊಬ್ಬರು ಕೇಳಿದರು. “ನಮ್ಮ ಪ್ರಯೋಗಾಲಯದ ಅಟೆಂಡರ್, ಕಲಾಯಿಗಾರರ ಮಗ” ಎಂದೆ. ಹಿಂದೆ ಯಾರೋ ನಕ್ಕರು. ಆ ಹಿರಿಯರು ನಗಲಿಲ್ಲ. ಹೋಗುವಾಗ ತಮ್ಮ ಪ್ರಯೋಗಾಲಯದ ಹಳೆಯ ಗಾಜಿನ ನಳಿಗೆ ಕೊಡಿಸಿದರು. ತುದಿ ಒಂಚೂರು ಮುಕ್ಕಾಗಿದೆ. ತೊಡೆಯ ಮೇಲೆ ಇಟ್ಟುಕೊಂಡು ತರುತ್ತೇನೆ.

ಗೈಡ್ ಮಾತಾಡುತ್ತಿಲ್ಲ. ಮೂರು ತಿಂಗಳು ಉಳಿದಿದೆ. ಪ್ರಾಂಶುಪಾಲರಿಗೆ ಲಿಖಿತ ವಿವರಣೆ ಕೊಡಬೇಕಂತೆ. ತಾಮ್ರದ ನಳಿಗೆ ತರಿಸಿದ್ದು ನಾನು ಎಂದು ಬರೆಯುತ್ತೇನೆ. ನಿನ್ನ ಹೆಸರು ಬೇಡ.

ಅನಸುಬಾಯಿ

—

ಶಹಾಬಾದ
23 ಡಿಸೆಂಬರ್ 1982

ಮೇಡಂ,

ಹಾಗೆ ಬರೆಯಬೇಡಿ. ಅದು ಸುಳ್ಳು. ನನ್ನ ವಿವರಣೆಯನ್ನು ನಿನ್ನೆಯೇ ಪ್ರಾಂಶುಪಾಲರ ಕೈಗೆ ಕೊಟ್ಟಿದ್ದೇನೆ. ಓದಿ, “ನಿನಗ ತಲಿಗಿಲಿ ಅದನೇನಲೇ?” ಎಂದರು. “ಅದ” ಎಂದೆ.

ಕೋಣೆಯ ಗಾಜನ್ನೆಲ್ಲ ಒಂದೊಂದಾಗಿ ಮತ್ತೆ ತೊಳೆದಿಟ್ಟಿದ್ದೇನೆ. ಬನ್ನಿ.

ಇಸಾಕ

—

ಶಹಾಬಾದ
2 ಏಪ್ರಿಲ್ 1983

ಅಬ್ಬಾ,

ಮಾರ್ಚ್ 31ಕ್ಕೆ ನನ್ನ ಕೆಲಸ ಹೋಯಿತು. ಹಂಗಾಮಿಯವನನ್ನು ಬಿಡಿಸಲು ಕಾರಣ ಬರೆಯಬೇಕಿಲ್ಲವಂತೆ, ಬರೆದಿಲ್ಲ. ಮೇಡಂ ಜಗಳವಾಡಿದರು. ಸಾಕು ಎಂದೆ. ಅವರಿಗೆ ಆರು ತಿಂಗಳು ಹೆಚ್ಚಿಗೆ ಅವಧಿ ಸಿಕ್ಕಿದೆ. ಗೈಡ್ ಸಹಿ ಹಾಕಲು ಮೂರು ವಾರ ತೆಗೆದುಕೊಂಡರು, ಆದರೆ ಹಾಕಿದರು.

ಕೊನೆಯ ದಿನ ಮಧ್ಯಾಹ್ನ ಕಪ್ಪು ಪರದೆ ಎಳೆದು ನನ್ನನ್ನು ಕರೆದರು. ಎರಡು ಶೀಸೆ. ಮೊದಲನೆಯದು ಒಂಟಿ ಉಂಗುರ, ಕೆಂಡದಂತೆ ಹೊಳೆಯಿತು. ಎರಡನೆಯದು ಗಾಜಿನ ನಳಿಗೆಯಿಂದ ಇಳಿದ ಆಮ್ಲದಲ್ಲಿ ಬೇಯಿಸಿ ಹೊಸದಾಗಿ ಕಟ್ಟಿದ ಜೋಡಿ. ಈ ಸಲ ಪೂರಾ ಕತ್ತಲಾಗಲಿಲ್ಲ. ಬೂದಿ ಮುಚ್ಚಿದ ಕೆಂಡ ಹೇಗಿರುತ್ತದೆ, ಹಾಗೆ. ಮೂರರಲ್ಲಿ ಒಂದು ಪಾಲು ಉಳಿದಿರಬಹುದು. “ಹತ್ತು ಕಲ್ಲಿನಾಗ ಆರೇಳು ಹಿಡದಾನ. ಉಳದದ್ದು ಬಿಟ್ಟಾನ” ಎಂದರು ಮೇಡಂ. ದೀಪ ಆರಿಸಿ, ಪರದೆ ಸರಿಸಿ, ಹನಿ ಬಿಡುವ ನಳಿಕೆಯನ್ನು ನನ್ನ ಕೈಗೆ ಕೊಟ್ಟರು. ಎರಡಕ್ಕೂ ಬಿಟ್ಟೆ.

ಎರಡೂ ಹಸಿರಾದವು.

ಅಬ್ಬಾ, ಡಿಸೆಂಬರ್ 11ರ ಬೆಳಿಗ್ಗೆ ನಿಮ್ಮ ಪತ್ರ ಬಂದಿತು. ನಾನು ಆ ನಳಿಗೆಯನ್ನು ಕೊಯ್ಯಲಿಲ್ಲ. ಹಾಗೆಯೇ ಗೋಣಿತಟ್ಟು ಸುತ್ತಿ ಇಟ್ಟಿದ್ದೇನೆ. ತವರ ಎಲ್ಲಿಯವರೆಗೆ ಹೋಗಿ ನಿಂತಿದೆ ಎಂದು ನನಗೆ ನೋಡಬೇಕಿದೆ, ನಿಮಗೂ ನೋಡಬೇಕಿರಬಹುದು. ಉದ್ದಕ್ಕೆ ಸೀಳಬೇಕೆಂದರೆ ಒಬ್ಬನಿಂದ ಆಗುವುದಿಲ್ಲ. ಒಂದು ತುದಿಯನ್ನು ಇನ್ನೊಬ್ಬರು ಹಿಡಿಯಬೇಕು.

ಗುರುವಾರದ ಬಸ್ಸಿಗೆ ಹೊರಡಲೇ? ಹೌದು ಎಂದರೆ ಹೌದು, ಬೇಡ ಎಂದರೆ ಬೇಡ ಎಂದೇ ಬರೆಸಿ.

ಇಸಾಕ

—

(ಕಾರ್ಡು)

ಚಿಂಚೋಳಿ
4 ಏಪ್ರಿಲ್ 1983

ಇಸಾಕ,

“ಚಿಂಚೋಳಿ ತನಕ ಬರಬ್ಯಾಡ. ಗುರುವಾರ ಮಳಖೇಡದಾಗ ಇಳಿ. ಚಂದ್ರಾಮಪ್ಪನವರ ಮನಿ ಅಂಗಳದಾಗ ಇರ್ತೀನಿ, ಅವರ ಹಂಡೆಗೋಳೆಲ್ಲಾ ಮತ್ತ ಕಲಾಯಿ ಮಾಡಬೇಕು. ಈ ಸಲ ಸೀಸ ಇಲ್ಲ, ಬರೇ ತವರ ಒಯ್ತೀನಿ. ಯಾಕ ಬಂದಿ ಅಂತ ಅವರು ಕೇಳಿದ್ರ ನಾನೇ ಹೇಳ್ತೀನಿ, ನೀ ಬಾಯಿ ಹಾಕಬ್ಯಾಡ. ಗರಗಸ ತರ್ತೀನಿ.”

ಮಜೀದಸಾಬ
ಬರೆದವಳು ಶಹರಬಾನು